ಹನಿ ನೀರಿನ ಹಾನಿ

ತುಂಗೆಯ ದಡದ ಶಿವಮೊಗ್ಗಕ್ಕೂ ಭದ್ರೆಯ ದಡದ ಭದ್ರಾವತಿಗೂ ನೀರಿನ ಶಕ್ತಿಯನ್ನು ಹೊಸದಾಗಿ ಹೇಳಬೇಕಾಗಿಲ್ಲ. 2019ರ ಆಗಸ್ಟ್ ತಿಂಗಳಿನಲ್ಲಿ ತುಂಗೆಯು ಉಕ್ಕಿ ಶಿವಮೊಗ್ಗದ ತಗ್ಗು ಬಡಾವಣೆಗಳ ಮನೆಗಳನ್ನು ಹೊಕ್ಕುದನ್ನು ಕಂಡವರು ಅನೇಕರಿದ್ದಾರೆ. ಹೊಳೆಯ ನೀರು ಕಾಣುವಂತೆ ಬಂದು ಕಾಣುವಂತೆಯೇ ಇಳಿದುಹೋಗುತ್ತದೆ. ಆದರೆ ಅಡುಗೆಮನೆಯ ಮೂಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಜಿನುಗುವ ನೀರಿನ ವಿಷಯದಲ್ಲಿ ನಾವು ಅಷ್ಟು ಜಾಗರೂಕರಾಗಿರುವುದಿಲ್ಲ. ಈಚಿನ ವರ್ಷಗಳಲ್ಲಿ ನಮ್ಮ ಊರುಗಳ ಕೆಲವು ಮನೆಗಳಿಗೆ ಪಾತ್ರೆ ತೊಳೆಯುವ ಯಂತ್ರವು ಬಂದಿರುವುದರಿಂದ, ಅದನ್ನೇ ನಿದರ್ಶನವಾಗಿಟ್ಟುಕೊಂಡು ಈ ವಿಷಯವನ್ನು ವಿವೇಚಿಸೋಣ.

ಹನಿಗೂಡಿದರೆ ಹಳ್ಳವೆಂಬ ಗಾದೆಯನ್ನು ಲೆಕ್ಕ ಹಾಕಿಯೇ ನೋಡಬಹುದು. ಸೆಕೆಂಡಿಗೊಂದು ಹನಿ ತೊಟ್ಟಿಕ್ಕಿದರೆ ದಿನಕ್ಕೆ 86,400 ಹನಿಗಳಾಗುತ್ತವೆ. ಸುಮಾರು 20 ಹನಿಗಳಿಗೆ 1 ಮಿಲಿಲೀಟರ್ ಎಂದು ಹಿಡಿದರೆ ದಿನಕ್ಕೆ 4 ಲೀಟರಿಗೂ ಮಿಕ್ಕಿ, ತಿಂಗಳಿಗೆ ಸುಮಾರು 130 ಲೀಟರ್ ನೀರು ನೆಲಕ್ಕೂ ಗೋಡೆಗೂ ಇಳಿಯುತ್ತದೆ.

ಮಲೆನಾಡಿನ ಹಿರಿಯರು ಇದನ್ನು ಅರಿತೇ ಮನೆ ಕಟ್ಟುತ್ತಿದ್ದರು. ಬಚ್ಚಲನ್ನು ಹಿಂಭಾಗದಲ್ಲಿರಿಸಿ ಅದರ ನೀರನ್ನು ಹಿತ್ತಲಿನ ಬಾಳೆಗೆ ಹರಿಸುತ್ತಿದ್ದರು. ಮರದ ಕಂಬವನ್ನು ನೆಲದಲ್ಲಿ ಊರದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸುತ್ತಿದ್ದರು. ಇಂದು ನಾವು ನೀರು ತುಂಬಿಕೊಳ್ಳುವ ಯಂತ್ರವನ್ನು ಪ್ಲೈವುಡ್ ಕಪಾಟುಗಳ ನಡುವೆ, ಕೈಯೂ ದೃಷ್ಟಿಯೂ ತಲುಪದಂತೆ ಇರಿಸುತ್ತೇವೆ. ಯಂತ್ರವನ್ನು ತರುವುದು ತಪ್ಪಲ್ಲ. ಅದರ ಹಿಂದೆ ಇಣುಕಿ ನೋಡಲು ಎಡೆಯಿಲ್ಲದಂತೆ ಮಾಡುವುದು ತಪ್ಪು.

ಹಣತೆಯ ಬತ್ತಿಯು ಎಣ್ಣೆಯನ್ನು ಮೇಲಕ್ಕೆಳೆಯುವಂತೆ ಇಟ್ಟಿಗೆ ಗಾರೆಗಳ ಸೂಕ್ಷ್ಮ ರಂಧ್ರಗಳು ನೀರನ್ನು ಮೇಲಕ್ಕೆ ಸೆಳೆಯುತ್ತವೆ. ನೀರು ಆರುವಾಗ ಅದರಲ್ಲಿ ಕರಗಿದ್ದ ಲವಣಗಳು ಗೋಡೆಯ ಮೇಲೆ ಬಿಳಿಯ ಪುಡಿಯಾಗಿ ಉಳಿಯುತ್ತವೆ. ಬಣ್ಣವು ಹೊಪ್ಪಳಿಸಿ ಏಳುತ್ತದೆ. ಒದ್ದೆಯಾದ ಮರಕ್ಕೂ ಹಲಗೆಗೂ ಒಂದೆರಡು ದಿನಗಳಲ್ಲಿಯೇ ಬೂಷ್ಟು ಹಿಡಿಯಬಹುದು. ತೇವವು ಉಳಿದಲ್ಲಿ ಗೆದ್ದಲೂ ಬರುತ್ತದೆ. 1923ರಲ್ಲಿ ಕಬ್ಬಿಣದ ಉತ್ಪಾದನೆಯನ್ನು ಆರಂಭಿಸಿದ ಭದ್ರಾವತಿಯ ಮಕ್ಕಳಿಗೆ ತುಕ್ಕನ್ನು ಪರಿಚಯಿಸಬೇಕಾಗಿಲ್ಲ. ಆದರೆ ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುತ್ತದೆಂಬುದನ್ನು ನೆನಪಿಡಬೇಕು. ಕಾಂಕ್ರೀಟಿನೊಳಗಿನ ಸರಳು ತುಕ್ಕು ಹಿಡಿದಾಗ ಹೊರಗಿನ ಕಾಂಕ್ರೀಟು ಬಿರಿಯುವುದು ಈ ಕಾರಣದಿಂದಲೇ.

ನೀರು ಸೋರಿದುದು ಕಂಡೊಡನೆ ಒರೆಸಲು ಧಾವಿಸಬಾರದು. ನೀರಿನಲ್ಲಿ ನಿಂತು ಸ್ವಿಚ್ಚನ್ನಾಗಲಿ ಪ್ಲಗ್ಗನ್ನಾಗಲಿ ಮುಟ್ಟುವುದು ಪ್ರಾಣಾಪಾಯಕರ. ಒಣ ಸ್ಥಳದಲ್ಲಿ ನಿಂತು ಮುಖ್ಯ ವಿದ್ಯುತ್ ಸ್ವಿಚ್ಚನ್ನು ಆರಿಸಬೇಕು. ಆ ಫಲಕವೇ ಒದ್ದೆಯಾಗಿದ್ದರೆ ದೂರವಿದ್ದು ಬಲ್ಲವರನ್ನು ಕರೆಯಬೇಕು. ಅನಂತರ ಯಂತ್ರಕ್ಕೆ ನೀರು ಬರುವ ನಲ್ಲಿಯನ್ನು ಮುಚ್ಚಿ, ನೆಲವನ್ನು ಒರೆಸಿ, ಕಪಾಟಿನಲ್ಲಿರುವುದನ್ನೆಲ್ಲ ಹೊರತೆಗೆಯಬೇಕು.

ಮುಂದಿನದು ಮೂಲದ ಶೋಧನೆ. ಎಲ್ಲವೂ ಒಣಗಿ, ತಂತಿಗಳು ನನೆದಿಲ್ಲವೆಂದು ಖಚಿತವಾದ ಮೇಲೆ ಯಂತ್ರದ ಸುತ್ತ ಹಳೆಯ ವೃತ್ತಪತ್ರಿಕೆಗಳನ್ನು ಹಾಸಿ ಅದನ್ನು ನಡೆಸಬೇಕು. ಯಂತ್ರವು ನಿಂತಿರುವಾಗಲೂ ಕಾಗದವು ನನೆದರೆ ನಲ್ಲಿಯ ಜೋಡಣೆಯನ್ನು ಶಂಕಿಸಬೇಕು. ನೀರು ತುಂಬುವಾಗ ನನೆದರೆ ಒಳಬರುವ ಕೊಳವೆಯನ್ನು. ತೊಳೆಯುವಾಗ ಮುಂಭಾಗದಲ್ಲಿ ನನೆದರೆ ಬಾಗಿಲಿನ ರಬ್ಬರ್ ಪಟ್ಟಿಯನ್ನು. ನೀರು ಹೊರಹೋಗುವಾಗ ನನೆದರೆ ಹೊರಹರಿವಿನ ಕೊಳವೆಯನ್ನು ಪರೀಕ್ಷಿಸಬೇಕು. ಜಾಲರಿಯಲ್ಲಿ ಅನ್ನದ ಅಗುಳು ಕಟ್ಟಿಕೊಂಡಿರುವುದೂ, ಕೈಯಲ್ಲಿ ಪಾತ್ರೆ ತೊಳೆಯುವ ಸಾಬೂನನ್ನು ಹಾಕಿದ್ದರಿಂದ ನೊರೆಯು ಉಕ್ಕುವುದೂ ಸಾಮಾನ್ಯ ಕಾರಣಗಳೇ. ಇವನ್ನು ಮನೆಯವರೇ ಸರಿಪಡಿಸಬಹುದು. ಯಂತ್ರದ ಒಳಭಾಗವನ್ನು ಮಾತ್ರ ತಜ್ಞನಿಗೆ ಬಿಡುವುದು ಲೇಸು.

ಕೊನೆಯದು ಆರಿಸುವ ಕೆಲಸ. ನಮ್ಮ ಮಳೆಗಾಲದಲ್ಲಿ ಹೊರಗಿನ ಗಾಳಿಯೇ ತೇವದಿಂದ ತುಂಬಿರುವುದರಿಂದ ಕಿಟಕಿ ತೆರೆದ ಮಾತ್ರಕ್ಕೆ ಗೋಡೆ ಆರದು. ಕಪಾಟಿನ ಹಿಂದಿನ ಹಲಗೆಯನ್ನು ಬಿಚ್ಚಿ, ಫ್ಯಾನಿನ ಗಾಳಿಯು ಹಿಂಬದಿಗೂ ಹಾಯುವಂತೆ ಮಾಡಬೇಕು. ಬೇಗ ಆರಲೆಂದು ಮುಚ್ಚಿದ ಕೋಣೆಯಲ್ಲಿ ಇದ್ದಲಿನ ಅಗ್ಗಿಷ್ಟಿಕೆಯನ್ನಿಡುವುದು ಸರ್ವಥಾ ಕೂಡದು. ಅದರ ವಿಷವಾಯುವಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಗೋಡೆ ಆರಿತೇ ಎಂದು ತಿಳಿಯಲು ಒಂದು ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಗೋಡೆಗೆ ಅಂಟಿಸಿ ಒಂದು ದಿನ ಬಿಡಬೇಕು. ಹಾಳೆಯ ಒಳಬದಿಯಲ್ಲಿ ಹನಿಗಳು ಕಂಡರೆ ಗೋಡೆಯೊಳಗೆ ನೀರು ಇನ್ನೂ ಇದೆಯೆಂದು ಅರ್ಥ. ಹಾಗಿರುವಾಗ ಬಣ್ಣ ಬಳಿಸುವುದು ಗಾಯವನ್ನು ತೊಳೆಯದೆ ಪಟ್ಟಿ ಕಟ್ಟಿದಂತೆ. ಹಣವೂ ಹೋಗುತ್ತದೆ, ಹಾನಿಯೂ ಉಳಿಯುತ್ತದೆ.

ವಿದ್ಯಾರ್ಥಿಗಳೇ, ಒಂದು ಮನೆಯು ಬಹುಪಾಲು ಕುಟುಂಬಗಳಿಗೆ ಜೀವಮಾನದ ದುಡಿಮೆಯ ಫಲ. ತಿಂಗಳಿಗೊಮ್ಮೆ ಕೈದೀಪವನ್ನು ಹಿಡಿದು ನಲ್ಲಿ, ಕೊಳವೆ, ಕಪಾಟಿನ ತಳಗಳನ್ನು ಮುಟ್ಟಿ ನೋಡುವುದಕ್ಕೆ ಹತ್ತು ನಿಮಿಷ ಸಾಕು. ಅದೂ ಒಂದು ಕಾಯಕವೆಂದು ತಿಳಿದು ನೀವೇ ವಹಿಸಿಕೊಂಡರೆ ತಂದೆತಾಯಿಗಳ ದುಡಿಮೆಯನ್ನು ಕಾಯ್ದಂತಾಗುತ್ತದೆ; ತುಂಗಭದ್ರೆಯರ ನೀರನ್ನು ಉಳಿಸಿದಂತೆಯೂ ಆಗುತ್ತದೆ.