ಐದನೆಯ ಗುಬ್ಬಿ

ಈ ಪಾಠವನ್ನು ಓದುವದಕ್ಕೆ ಮುಂಚೆ ಮನೆಯವರೆಲ್ಲರೂ ಕೂಡಿ ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ 25ರಿಂದ 34ರ ವರೆಗೂ, 10ನೆಯ ಅಧ್ಯಾಯದಲ್ಲಿ 29ರಿಂದ 31ರ ವರೆಗೂ, ಲೂಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ 6 ಮತ್ತು 7ನೆಯ ವಚನಗಳನ್ನೂ ನಿಧಾನವಾಗಿ ಓದಿಕೊಳ್ಳಿರಿ. ಓದು ಬಾರದ ಹಿರಿಯರಿಗೆ ಮಕ್ಕಳು ಓದಿ ಹೇಳಲಿ.

ನಮ್ಮ ಕರ್ತನು ದೇವರ ಮೇಲಣ ಭರವಸವನ್ನು ಕಲಿಸುವಾಗ ಪಂಡಿತರ ಗ್ರಂಥಗಳನ್ನು ಬಿಚ್ಚಲಿಲ್ಲ. ಹಾರಾಡುವ ಪಕ್ಷಿಗಳ ಕಡೆಗೆ ಕೈತೋರಿಸಿದನು. ಈ ಪಾಠಶಾಲೆಗೆ ಸೇರುವದಕ್ಕೆ ಹಣವೂ ಬೇಡ, ದೂರದ ಪ್ರಯಾಣವೂ ಬೇಡ. ನಮ್ಮ ಹಿತ್ತಲೇ ಸಾಕು. ಬಚ್ಚಲ ನೀರು ಹರಿಯುವ ಬಾಳೆಯ ಬುಡ, ನುಗ್ಗೆಯ ಮರ, ಬದನೆಯ ಸಾಲು, ಕೊಟ್ಟಿಗೆಯ ಸೂರು, ಇವೇ ಅದರ ಪುಟಗಳು. ಆದರೆ ನೋಡುವವನು ಚೆಂದವಾದದ್ದನ್ನು ಮಾತ್ರ ಆರಿಸಿ ನೋಡದೆ, ಅಲ್ಲಿ ನಡೆಯುವದನ್ನೆಲ್ಲಾ ನಡೆದಂತೆಯೇ ನೋಡಬೇಕು. ಹಾಗೆ ನೋಡುವವನಿಗೆ ಮೂರು ಸಂಗತಿಗಳು ಕಾಣುವವು.

1. ಪಕ್ಷಿಯು ಚಿಂತಿಸುವದಿಲ್ಲ, ಆದರೆ ಸೋಮಾರಿಯಲ್ಲ.

ನಮ್ಮ ಹಿತ್ತಲುಗಳಲ್ಲಿ ದರ್ಜಿಹಕ್ಕಿಯೆಂಬ ಹಸುರು ಬೆನ್ನಿನ ಚಿಕ್ಕ ಹಕ್ಕಿಯುಂಟು; ಕೆಲವರು ಇದನ್ನು ಟುವ್ವಿಹಕ್ಕಿ ಎನ್ನುವರು. ಹೆಣ್ಣುಹಕ್ಕಿಯು ಅಗಲವಾದ ಎಲೆಯನ್ನು ಗಿಡದಿಂದ ಕೀಳದೆ, ಅದರ ಅಂಚುಗಳಲ್ಲಿ ಕೊಕ್ಕಿನಿಂದ ತೂತುಗಳನ್ನು ಮಾಡಿ, ಹತ್ತಿಯ ಎಳೆಯನ್ನೂ ಜೇಡರ ಬಲೆಯ ನೂಲನ್ನೂ ಪೋಣಿಸಿ ಚೀಲದಂತೆ ಹೊಲಿಯುವದು. ಒಳಗೆ ಮೆತ್ತನೆಯ ಹಾಸನ್ನು ಹಾಸಿ ಸಾಧಾರಣವಾಗಿ ಮೂರು ನಾಲ್ಕು ಮೊಟ್ಟೆಗಳನ್ನಿಡುವದು. ಸೂರಿನಲ್ಲಿರುವ ಗುಬ್ಬಿಯನ್ನೂ ನೋಡಿರಿ. ದೊಡ್ಡ ಗುಬ್ಬಿಯು ಕಾಳನ್ನು ತಿಂದು ಬದುಕುವದು. ಮರಿಗಳಿಗಾದರೋ ಹುಳಹುಪ್ಪಟೆಗಳು ಬೇಕು. ಆದಕಾರಣ ತಾಯಿತಂದೆಗಳೆರಡೂ ಬೆಳಗಿನಿಂದ ಸಂಜೆಯ ವರೆಗೆ ಹೋಗುತ್ತಾ ಬರುತ್ತಾ ಇರುವವು. ಆ ಹುಳವನ್ನು ಹುಟ್ಟಿಸಿದವನು ದೇವರು. ಅದನ್ನು ಕಾಣುವ ಕಣ್ಣನ್ನು ಕೊಟ್ಟವನೂ ಆತನೇ. ಹುಡುಕುವ ಕೆಲಸವನ್ನಾದರೋ ಗುಬ್ಬಿಗೇ ಬಿಟ್ಟಿದ್ದಾನೆ.

ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ ಎಂದು ನಮ್ಮ ಹಿರಿಯರು ಹೇಳುವ ಗಾದೆಯು ಸತ್ಯವೇ. ಆದರೆ ಸೋಮಾರಿಯು ಆ ಗಾದೆಯನ್ನೇ ತಲೆದಿಂಬಾಗಿ ಮಾಡಿಕೊಳ್ಳುವನು. ಪಕ್ಷಿಗಳು ಬಿತ್ತುವದಿಲ್ಲವೆಂದು ಕರ್ತನು ಹೇಳಿದ್ದುಂಟು. ನೀವೂ ಬಿತ್ತಬೇಡಿರೆಂದು ಹೇಳಲಿಲ್ಲ. ಸುಗ್ಗಿಯಲ್ಲಿ ಕೂಡಿಸಿಟ್ಟುಕೊಳ್ಳುವ ಇರುವೆಯನ್ನು ಜ್ಞಾನೋಕ್ತಿಗಳ ಪುಸ್ತಕವು ಹೊಗಳುತ್ತದಲ್ಲವೇ? ಬಿತ್ತನೆಯ ಬೀಜವನ್ನು ಎತ್ತಿಡುವದೂ, ಕೃಷಿಹೊಂಡವನ್ನು ತೋಡುವದೂ, ಜ್ವರ ಬಂದ ಮಗುವನ್ನು ಆಸ್ಪತ್ರೆಗೆ ಒಯ್ಯುವದೂ ಅವಿಶ್ವಾಸವಲ್ಲ. ಕರ್ತನು ಬೇಡವೆಂದದ್ದು ಕೆಲಸವನ್ನಲ್ಲ, ಮನಸ್ಸನ್ನು ಕೊರೆಯುವ ಚಿಂತೆಯನ್ನು. ಗುಬ್ಬಿಯು ಸಂಜೆಯಾದಾಗ ರೆಕ್ಕೆ ಮಡಚಿ ನಿದ್ರಿಸುವದು. ನಾಳೆಯ ಹುಳಗಳನ್ನು ಈ ರಾತ್ರಿ ಎಣಿಸುತ್ತಾ ಎಚ್ಚರವಾಗಿರುವದಿಲ್ಲ.

2. ಗುಬ್ಬಿಯು ನೆಲಕ್ಕೆ ಬೀಳುವದೂ ಉಂಟು.

ಇಲ್ಲಿಯೇ ಪಾಠವು ಕಠಿಣವಾಗುವದು. ಕಾಗೆಯೂ ಕೆಂಬೂತವೂ ಗೂಡನ್ನು ಕದಿಯುವವು. ಬೆಕ್ಕು ಹೊಂಚುಹಾಕುವದು. ಗಾಳಿಮಳೆಗೆ ಗೂಡು ಹರಿದು, ಕಣ್ಣು ತೆರೆಯದ ಮರಿಯು ಕೆಸರಿನಲ್ಲಿ ಬಿದ್ದಿರುವದು. ಇದನ್ನು ಕಂಡವನು, ತಂದೆಯು ಪೋಷಿಸುವದು ಹೀಗೆಯೋ ಎಂದು ಕೇಳದಿರುವನೇ? ಮಳೆ ತಪ್ಪಿ ಹೊಲವು ಒಣಗಿದಾಗ, ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಾಗ, ತೊಟ್ಟಿಲು ಬರಿದಾದಾಗ ನಮ್ಮ ಸಭೆಗಳಲ್ಲಿಯೂ ಇದೇ ಪ್ರಶ್ನೆ ಏಳುವದು. ನಿನ್ನ ವಿಶ್ವಾಸವು ಸಾಲದೆ ಹೋಯಿತೆಂದು ಅಂಥವರಿಗೆ ಹೇಳುವವರೂ ಇದ್ದಾರೆ. ಯೋಬನ ಸ್ನೇಹಿತರು ಇಂಥ ಮಾತನ್ನೇ ಆಡಿದರು. ದೇವರು ಅವರನ್ನು ಮೆಚ್ಚಲಿಲ್ಲ.

ಕರ್ತನು ಈ ಸಂಗತಿಯನ್ನು ಮರೆಮಾಡಲಿಲ್ಲ. ಹೊಡೆತವನ್ನೂ ಮರಣವನ್ನೂ ಕಾಣಬೇಕಾದ ಶಿಷ್ಯರನ್ನು ಕಳುಹಿಸುವಾಗಲೇ ಆತನು ಬೀಳುವ ಗುಬ್ಬಿಯನ್ನು ಕುರಿತು ಮಾತಾಡಿದನು. ಗುಬ್ಬಿಯು ಬೀಳುವದೇ ಇಲ್ಲವೆಂದು ಆತನು ಹೇಳಲಿಲ್ಲ. ಬೀಳುವಾಗಲೂ ಅದು ತಂದೆಯ ಕೈಗೆ ಹೊರಗಾಗಿಲ್ಲವೆಂದು ಕಲಿಸಿದನು.

ಈಗ ಎರಡು ಸುವಾರ್ತೆಗಳ ಲೆಕ್ಕವನ್ನು ಹೋಲಿಸಿರಿ. ಮತ್ತಾಯನಲ್ಲಿ ಒಂದು ಕಾಸಿಗೆ ಎರಡು ಗುಬ್ಬಿಗಳು. ಹಾಗಾದರೆ ಎರಡು ಕಾಸಿಗೆ ನಾಲ್ಕಾಗಬೇಕು, ಲೂಕನಲ್ಲಾದರೋ ಐದು! ಆ ಕಾಸು ಕೂಲಿಯಾಳಿನ ಒಂದು ದಿನದ ಕೂಲಿಯಾದ ದೀನಾರದಲ್ಲಿ ಹದಿನಾರನೆಯ ಒಂದು ಪಾಲು ಮಾತ್ರ. ಬಡವರು ಕೊಂಡು ತಿನ್ನುವ ಅಗ್ಗದ ಮಾಂಸ ಅದು. ಐದನೆಯ ಗುಬ್ಬಿಗಾದರೋ ಆ ಬೆಲೆಯೂ ಇಲ್ಲ. ಸಂತೆಯಲ್ಲಿ ಸೊಪ್ಪು ಮಾರುವವಳು ಕೊನೆಗೆ ಹಾಕುವ ಕೊಸರಿನಂತೆ ಅದನ್ನು ಸುಮ್ಮನೆ ಸೇರಿಸಿ ಕೊಡುವರು. ಆ ಕೊಸರನ್ನೂ ದೇವರು ಮರೆತಿಲ್ಲವೆಂಬದೇ ಕರ್ತನ ಮಾತಿನ ಸಾರ.

ಲೋಕದ ಲೆಕ್ಕವು ತಪ್ಪಬಹುದು. 1958ರಲ್ಲಿ ಚೀನಾ ದೇಶದ ಸರಕಾರವು ಗುಬ್ಬಿಯನ್ನು ಧಾನ್ಯದ ಕಳ್ಳನೆಂದೆಣಿಸಿ, ನಿರ್ಮೂಲಮಾಡತಕ್ಕ ನಾಲ್ಕು ಜಂತುಗಳ ಪಟ್ಟಿಯಲ್ಲಿ ಸೇರಿಸಿತು. ಜನರು ಗುಬ್ಬಿಗಳನ್ನು ಕೊಂದರು. ಬೆಳೆಯನ್ನು ತಿನ್ನುವ ಹುಳಗಳು ಹೆಚ್ಚಿದವು. 1960ರಲ್ಲಿ ಗುಬ್ಬಿಯ ಹೆಸರನ್ನು ತೆಗೆದು ತಿಗಣೆಯ ಹೆಸರನ್ನು ಬರೆಯಬೇಕಾಯಿತು. ಮನುಷ್ಯರನ್ನು ಕುರಿತೂ ಲೋಕವು ಹೀಗೆಯೇ ಲೆಕ್ಕಮಾಡಿದೆ. 1976ರ ಕಾನೂನು ಜೀತವನ್ನು ರದ್ದುಮಾಡುವ ಮುಂಚೆ ಎಷ್ಟೋ ಊರುಗಳಲ್ಲಿ ತಂದೆಯ ಸಾಲಕ್ಕೆ ಮಗನೂ ಕೊಸರಾಗಿ ದುಡಿಯುತ್ತಿದ್ದನು. ಅಂಥ ಮನೆಗಳಲ್ಲಿ ಹುಟ್ಟಿದವರು ನಮ್ಮ ಸಭೆಗಳಲ್ಲಿ ಅನೇಕರುಂಟು. ಅವರಿಗೆ ಈ ವಚನವನ್ನು ಬೇರೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಗೂಡು ಹಾಳಾದ ದರ್ಜಿಹಕ್ಕಿಯು ಅದೇ ಕಾಲದಲ್ಲಿ ಬೇರೆ ಎಲೆಯನ್ನು ಹುಡುಕಿ ತಿರಿಗಿ ಹೊಲಿಯುವದುಂಟು. ತನ್ನನ್ನು ಬಲ್ಲ ತಂದೆಯೊಬ್ಬನಿದ್ದಾನೆಂದು ಅದಕ್ಕೆ ತಿಳಿಯದು. ನಮಗಾದರೋ ತಿಳಿದಿದೆ. ಆ ತಂದೆಯು ನಮ್ಮ ನಿಮಿತ್ತ ತನ್ನ ಮಗನನ್ನೇ ಶಿಲುಬೆಗೆ ಒಪ್ಪಿಸಿದನು. ಸಮಾಧಿಯಲ್ಲಿ ಆತನನ್ನು ಬಿಟ್ಟುಬಿಡಲಿಲ್ಲ. ದುಃಖದಲ್ಲಿರುವವನಿಗೆ ಕಾರಣವು ತಿಳಿಯದೆ ಹೋಗಬಹುದು. ತಾನು ಯಾರ ಕೈಯಲ್ಲಿದ್ದೇನೆಂದು ತಿಳಿದರೆ ಅವನು ಅಳುತ್ತಲೇ ಎದ್ದು ನಿಲ್ಲಬಲ್ಲನು.

3. ದೇವರು ಕೈಗಳ ಮೂಲಕ ಪೋಷಿಸುತ್ತಾನೆ.

ಗುಬ್ಬಿಯು ಮನುಷ್ಯರ ಮಗ್ಗುಲಲ್ಲಿಯೇ ಬಾಳುವ ಹಕ್ಕಿ. ಮೊರದಿಂದ ಉದುರಿದ ನುಚ್ಚೇ ಅದರ ಊಟ, ಮನೆಯ ಸಂದೇ ಅದರ ಗೂಡು. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಅಂಥ ಹೆಂಚಿನ ಮಾಡುಗಳ ಸಂದುಗಳಲ್ಲಿ ಎಷ್ಟೋ ಗುಬ್ಬಿಗಳು ಸಂಸಾರ ಹೂಡಿದವು. ಈಗಿನ ಕಾಂಕ್ರೀಟು ಮನೆಗಳಲ್ಲಿ ಅಂಥ ಸಂದಿಲ್ಲ. ಭಾರತದ ಪಕ್ಷಿಗಳ ಸ್ಥಿತಿಯನ್ನು ಕುರಿತು 2020ರಲ್ಲಿ ಹೊರಟ ವರದಿಯ ಪ್ರಕಾರ, ಸುಮಾರು 25 ವರ್ಷಗಳಲ್ಲಿ ದೇಶದ ಒಟ್ಟು ಲೆಕ್ಕದಲ್ಲಿ ಗುಬ್ಬಿಗಳು ಹೆಚ್ಚುಕಡಿಮೆ ಇದ್ದಂತೆಯೇ ಇವೆ. ಬೆಂಗಳೂರು ಸೇರಿದಂತೆ ಆರು ಮಹಾನಗರಗಳಲ್ಲಿ ಕಡಿಮೆಯಾಗಿವೆ. ನಮ್ಮ ಕೈ ಮುಚ್ಚಿದರೆ ಗುಬ್ಬಿಯ ಬಾಗಿಲೂ ಮುಚ್ಚಬಹುದು.

ನೆರೆಯವನ ವಿಷಯವೂ ಹೀಗೆಯೇ. ಅಡಿಗೆಗೆ ಮುಂಚೆ ಒಂದು ಹಿಡಿ ಅಕ್ಕಿಯನ್ನಾಗಲಿ ರಾಗಿಯನ್ನಾಗಲಿ ದೇವರಿಗೆಂದು ಎತ್ತಿಡುವ ವಾಡಿಕೆಯು ಅನೇಕ ಸಭೆಗಳಲ್ಲಿ ಉಂಟು. ಗೂಡು ಮುರಿದ ಮನೆಗೆ ಆ ಹಿಡಿಯು ತಲುಪುವಾಗ ತಂದೆಯ ಪೋಷಣೆಯೇ ತಲುಪಿದಂತಾಯಿತು. ಬರಿಗೈಯಲ್ಲಿ ಹೋಗಿ, ದೇವರ ಮೇಲೆ ಭರವಸವಿಡು ಎಂದು ಹೇಳಿ ಬರುವದು ಸುಲಭ. ಯಾಕೋಬನು ತನ್ನ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಅದನ್ನು ಕಟುವಾಗಿ ಖಂಡಿಸಿದ್ದಾನೆ.

ಮನೆಯ ಪ್ರಾರ್ಥನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:

ಈ ವಾರ ನಮ್ಮ ನಿದ್ರೆಯನ್ನು ಕೆಡಿಸಿದ ಚಿಂತೆ ಯಾವದು? ಅದರಲ್ಲಿ ನಾವು ಮಾಡತಕ್ಕ ಕೆಲಸವೆಷ್ಟು, ದೇವರಿಗೆ ಒಪ್ಪಿಸತಕ್ಕದ್ದೆಷ್ಟು?

ದುಃಖದಲ್ಲಿರುವವರಿಗೆ ನಾವು ಯೋಬನ ಸ್ನೇಹಿತರಂತೆ ಮಾತಾಡಿದ್ದುಂಟೋ?

ನಮ್ಮ ಊರಿನಲ್ಲಿ ಐದನೆಯ ಗುಬ್ಬಿಯಂತೆ ಎಣಿಸಲ್ಪಟ್ಟವರು ಯಾರು? ಬರುವ ಭಾನುವಾರದೊಳಗೆ ಅವರ ಮನೆಗೆ ನಮ್ಮಲ್ಲಿ ಯಾರು ಹೋಗುವರು, ಏನನ್ನು ತೆಗೆದುಕೊಂಡು ಹೋಗುವರು?