ಗಾಳಿಯನ್ನು ಅರಸಿ ಹೊರಟ ಹಲಗೆ

“ಗಾಳಿ ಬಂದಾಗ ತೂರಿಕೋ” ಎಂಬುದು ನಮ್ಮ ಹಿರಿಯರ ಮಾತು. ಕಣದಲ್ಲಿ ರಾಗಿಯ ರಾಶಿಯನ್ನು ಮುಂದಿಟ್ಟುಕೊಂಡು ಗಾಳಿಗಾಗಿ ಕಾದು ಕುಳಿತ ರೈತನಿಗೆ ಈ ಮಾತಿನ ಬೆಲೆ ಚೆನ್ನಾಗಿ ಗೊತ್ತು. ಆದರೆ ಗಾಳಿ ಬರುವ ತನಕ ಕಾಯದೆ, ಗಾಳಿ ಇರುವೆಡೆಗೆ ತಾವೇ ಹೊರಟುಹೋಗುವ ಜನರೂ ಲೋಕದಲ್ಲಿದ್ದಾರೆ. ಬೇಸಗೆ ಬಂತೆಂದರೆ ಯೂರೋಪಿನ ಹೆದ್ದಾರಿಗಳಲ್ಲಿ, ಉದ್ದನೆಯ ಹಲಗೆಗಳನ್ನೂ ಸುತ್ತಿಟ್ಟ ಹಾಯಿಗಳನ್ನೂ ನೆತ್ತಿಯ ಮೇಲೆ ಹೊತ್ತ ವ್ಯಾನುಗಳು ಕಡಲತಡಿಯ ಒಂದು ಊರಿನಿಂದ ಇನ್ನೊಂದಕ್ಕೆ ಸಾಗುತ್ತಿರುತ್ತವೆ. ಅವರ ಆಟದ ಹೆಸರು ವಿಂಡ್‌ಸರ್ಫಿಂಗ್. ಅದರ ಸಾಧನವನ್ನು ನಾವಿಲ್ಲಿ ಹಾಯಿಹಲಗೆ ಎಂದು ಕರೆಯೋಣ.

ಆಟವು ದೂರದೇಶದ್ದಾದರೂ ಅದರ ಹಿಂದಿರುವ ತತ್ತ್ವಗಳು ಮಂಡ್ಯ, ಮದ್ದೂರು, ಮಳವಳ್ಳಿಗಳ ಹೊಳೆ, ನಾಲೆ, ಕೆರೆಗಳಲ್ಲಿ ನಿತ್ಯವೂ ಕಾಣುವಂಥವು. ಅವುಗಳಲ್ಲಿ ಒಂದಂತೂ ಮನುಷ್ಯನ ಪ್ರಾಣಕ್ಕೆ ಸಂಬಂಧಪಟ್ಟದ್ದು. ಆದುದರಿಂದ ಈ ವಿಷಯವನ್ನು ವಾಚಕರು ಸ್ವಲ್ಪ ಗಮನವಿಟ್ಟು ಪರಿಶೀಲಿಸುವುದು ಯೋಗ್ಯವಾಗಿದೆ.

ಹರಿಗೋಲೂ ಹಾಯಿಹಲಗೆಯೂ

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ, ಭೀಮೇಶ್ವರಿಗಳ ಬಳಿ ಕಾವೇರಿಯಲ್ಲಿ ಹರಿಗೋಲನ್ನು ಕಾಣಬಹುದು. ಬಿದಿರಿನಿಂದ ಹೆಣೆದ ಈ ದುಂಡನೆಯ ದೋಣಿಗೆ ಮುಂದು ಹಿಂದು ಎಂಬುದಿಲ್ಲ, ತಳವೂ ಚಪ್ಪಟೆ. ಆಳವಿಲ್ಲದ, ಬಂಡೆಗಳಿಂದ ತುಂಬಿದ ಹೊಳೆಗೆ ಇದಕ್ಕಿಂತ ಒಳ್ಳೆಯ ವಾಹನ ಸಿಗುವುದು ಕಷ್ಟ. ಆದರೆ ಇದರಲ್ಲಿ ಹಾಯಿಯೊಂದನ್ನು ನಿಲ್ಲಿಸಿದರೆ ಏನಾಗುತ್ತದೆ? ಗಾಳಿಯು ಬೀಸಿದ ದಿಕ್ಕಿಗೆ ಅದು ತರಗೆಲೆಯಂತೆ ತೇಲಿಹೋಗುತ್ತದೆಯೇ ಹೊರತು, ನಾವು ಬಯಸಿದ ಕಡೆಗೆ ಸಾಗುವುದಿಲ್ಲ. ಎಲ್ಲ ದಿಕ್ಕುಗಳಿಗೂ ಅದು ಸಮಾನವಾಗಿ ಜಾರುತ್ತದೆ ಎಂಬುದೇ ಇದಕ್ಕೆ ಕಾರಣ.

ಹಾಯಿಹಲಗೆಯ ರಚನೆ ಇದಕ್ಕೆ ತೀರ ಭಿನ್ನ. ಅದು ಉದ್ದವಾಗಿ, ಕಿರಿದಾಗಿ ಇರುತ್ತದೆ. ಅದರ ಅಡಿಯಲ್ಲಿ ಮೀನಿನ ಈಜುರೆಕ್ಕೆಯನ್ನು ಹೋಲುವ ಪಟ್ಟಿಯೊಂದು ನೀರಿನೊಳಕ್ಕೆ ಇಳಿದಿರುತ್ತದೆ. ಈ ಪಟ್ಟಿಯಿಂದಾಗಿ ಹಲಗೆಯು ಮುಂದಕ್ಕೆ ಸುಲಭವಾಗಿ ಜಾರಿದರೂ ಪಕ್ಕಕ್ಕೆ ಜಾರಲಾರದು. ಹಾಯಿಯನ್ನು ಓರೆಯಾಗಿ ಹಿಡಿದಾಗ ಗಾಳಿಯು ಹಲಗೆಯನ್ನು ಬಹುಮಟ್ಟಿಗೆ ಪಕ್ಕಕ್ಕೆ, ಸ್ವಲ್ಪಮಟ್ಟಿಗೆ ಮುಂದಕ್ಕೆ ತಳ್ಳುತ್ತದೆ. ಪಕ್ಕದ ತಳ್ಳುವಿಕೆಯನ್ನು ನೀರು ತಡೆಯುತ್ತದೆ. ಮುಂದಣ ತಳ್ಳುವಿಕೆ ಮಾತ್ರ ಉಳಿಯುತ್ತದೆ. ನೆನೆದ ಹುಣಿಸೆಬೀಜವನ್ನು ಎರಡು ಬೆರಳುಗಳ ನಡುವೆ ಅದುಮಿ ನೋಡಿರಿ. ಬೆರಳುಗಳು ಒತ್ತುವುದು ಪಕ್ಕಗಳಿಂದ. ಬೀಜ ಚಿಮ್ಮುವುದು ಮುಂದಕ್ಕೆ. ಇಲ್ಲಿ ಒಂದು ಬೆರಳು ಗಾಳಿ, ಇನ್ನೊಂದು ಬೆರಳು ನೀರು.

ಇದೇ ಕಾರಣದಿಂದ ಹಾಯಿಹಲಗೆಯು ಗಾಳಿಯ ಇದಿರಾಗಿಯೂ ಮುಂದುವರಿಯಬಲ್ಲದು. ನೇರವಾಗಿ ಗಾಳಿಯ ಮುಖಕ್ಕೇ ಹೋಗಲಾರದಾದರೂ, ಸುಮಾರು 45 ಅಂಶಗಳ ಕೋನದಲ್ಲಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಸಾಗುತ್ತ ಕೊನೆಗೆ ಗಾಳಿ ಬಂದ ಕಡೆಯನ್ನೇ ಸೇರುತ್ತದೆ.

ಅಮೆರಿಕದ ಪೆನ್ಸಿಲ್ವೇನಿಯದ ನ್ಯೂಮನ್ ಡಾರ್ಬಿ ಎಂಬುವರು 1964ರಲ್ಲಿ ಇಂಥ ಹಲಗೆಯೊಂದನ್ನು ರಚಿಸಿ, ಅದರ ವಿವರವನ್ನು 1965ರ ಆಗಸ್ಟಿನಲ್ಲಿ ‘ಪಾಪ್ಯುಲರ್ ಸೈನ್ಸ್’ ಎಂಬ ಮಾಸಪತ್ರಿಕೆಯಲ್ಲಿ ಪ್ರಕಟಿಸಿದರು. ಬಳಿಕ ಕ್ಯಾಲಿಫೋರ್ನಿಯದ ಜಿಮ್ ಡ್ರೇಕ್ ಮತ್ತು ಹಾಯ್ಲ್ ಶ್ವೈಟ್ಸರ್ ಎಂಬುವರು ಎಲ್ಲ ಕಡೆಗೂ ಬಾಗಬಲ್ಲ ಕೀಲಿನ ಮೇಲೆ ಹಾಯಿಮರವನ್ನು ನಿಲ್ಲಿಸಿದರು. ಈ ರಚನೆಗೆ 1970ರಲ್ಲಿ ಪೇಟೆಂಟ್ ದೊರೆಯಿತು. ಇದಕ್ಕೆ ಚುಕ್ಕಾಣಿಯೇ ಬೇಡ. ಹಾಯಿಯನ್ನು ಮುಂದಕ್ಕೆ ಬಾಗಿಸಿದರೆ ಹಲಗೆಯ ಮೂತಿ ಗಾಳಿಯಿಂದ ಆಚೆಗೆ ತಿರುಗುತ್ತದೆ. ಹಿಂದಕ್ಕೆ ಬಾಗಿಸಿದರೆ ಗಾಳಿಯ ಕಡೆಗೆ ತಿರುಗುತ್ತದೆ. 1984ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ನಲ್ಲಿ ಈ ಆಟಕ್ಕೆ ಸ್ಥಾನ ದೊರಕಿತು.

ಗಾಳಿಯ ತೂಬುಗಳು

ಇನ್ನು ಆ ಪ್ರವಾಸಿಗಳ ವಿಚಾರ. ಯೂರೋಪಿಗೆ ಸಾವಿರಾರು ಮೈಲಿಗಳ ಕಡಲತಡಿಯಿದೆ. ಆದರೂ ಅವರು ಕೆಲವೇ ಊರುಗಳಿಗೆ ಮತ್ತೆ ಮತ್ತೆ ಹೋಗುವುದೇಕೆ?

ಇದರ ಉತ್ತರ ನಮ್ಮ ವಿಶ್ವೇಶ್ವರಯ್ಯ ನಾಲೆಯಲ್ಲಿಯೇ ಇದೆ. ಅಗಲವಾದ ಕಡೆಯಲ್ಲಿ ಮೆಲ್ಲನೆ ಹರಿಯುವ ನೀರು ಇಕ್ಕಟ್ಟಾದ ಜಾಗಕ್ಕೆ ಬಂದೊಡನೆ ರಭಸವಾಗಿ ನುಗ್ಗುತ್ತದೆ. ಅಷ್ಟೇ ನೀರು ಅಷ್ಟೇ ಸಮಯದಲ್ಲಿ ಕಿರಿದಾದ ದಾರಿಯಿಂದ ಹಾಯಬೇಕಾದರೆ ವೇಗ ಹೆಚ್ಚಲೇಬೇಕು. ಗಾಳಿಯೂ ಹಾಗೆಯೇ. ಬೆಟ್ಟಗಳ ಸಾಲುಗಳು ಅದಕ್ಕೆ ಏರಿ. ಅವುಗಳ ನಡುವಣ ಸಂದುಗಳು ತೂಬು.

ಸ್ಪೇಯಿನ್ ದೇಶದ ದಕ್ಷಿಣ ತುದಿಯ ತರೀಫಾ ಇಂಥ ಒಂದು ತೂಬಿನ ಬಾಯಿ. ಅಲ್ಲಿ ಯೂರೋಪಿಗೂ ಆಫ್ರಿಕಕ್ಕೂ ನಡುವಣ ಜಿಬ್ರಾಲ್ಟರ್ ಜಲಸಂಧಿಯ ಅಗಲ ತೀರ ಇಕ್ಕಟ್ಟಾದೆಡೆ ಸುಮಾರು 14 ಕಿಲೋಮೀಟರು ಮಾತ್ರ. ಎರಡು ದಡಗಳಲ್ಲಿಯೂ ಬೆಟ್ಟಗಳಿವೆ. ಮೂಡಣಿಂದ ಲೆವಾಂತೆ, ಪಡುವಣಿಂದ ಪೊನಿಯೆಂತೆ ಎಂಬ ಗಾಳಿಗಳು ಸರದಿಯಂತೆ ಅಲ್ಲಿ ನುಗ್ಗುತ್ತವೆ. ಅಲ್ಲಿಂದ ಮೆಡಿಟರೇನಿಯನ್ ತಡಿಯನ್ನು ಹಿಡಿದು ಫ್ರಾನ್ಸಿಗೆ ಬಂದರೆ ಲ್ಯೂಕಾತ್ ಎಂಬ ಊರು. ಪಿರನೀಸ್ ಪರ್ವತಗಳಿಗೂ ಫ್ರಾನ್ಸಿನ ನಡುನಾಡಿನ ಎತ್ತರದ ಸೀಮೆಗೂ ಮಧ್ಯದಿಂದ ತ್ರಾಮೊಂತಾನ್ ಎಂಬ ಗಾಳಿ ಅಲ್ಲಿ ಕಡಲಿಗೆ ಇಳಿಯುತ್ತದೆ. ಮುಂದೆ ರೋನ್ ನದಿಯ ಕಣಿವೆಯಿಂದ ಬೀಸುವುದು ಪ್ರಸಿದ್ಧವಾದ ಮಿಸ್ತ್ರಾಲ್.

ನಮ್ಮ ದೇಶದಲ್ಲಿಯೂ ಇಂಥ ತೂಬು ಇಲ್ಲದಿಲ್ಲ. ಪಶ್ಚಿಮ ಘಟ್ಟಗಳ ಸಾಲು ಪಾಲಕ್ಕಾಡಿನ ಬಳಿ ತೆರವಾಗಿದೆ. ಮುಂಗಾರಿನ ಗಾಳಿ ಈ ಸಂದಿನಿಂದ ಕೊಯಮತ್ತೂರಿನ ಬಯಲಿಗೆ ರಭಸದಿಂದ ಹಾಯುವುದರಿಂದಲೇ ಆ ಸೀಮೆಯಲ್ಲಿ ವಿದ್ಯುತ್ತನ್ನು ಉತ್ಪಾದಿಸುವ ಗಾಳಿಯಂತ್ರಗಳು ಸಾಲುಗಟ್ಟಿ ನಿಂತಿವೆ.

ವೇಗ ಇಮ್ಮಡಿ, ಒತ್ತುವಿಕೆ ನಾಲ್ಮಡಿ

ಗಾಳಿಯ ಬಲವನ್ನು ಅಳೆಯುವಾಗ ಒಂದು ಅಂಶವನ್ನು ಮರೆಯಬಾರದು. ಗಾಳಿಯ ವೇಗ ಎರಡರಷ್ಟಾದರೆ ಅದರ ಒತ್ತುವಿಕೆ ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟು. ಗಂಟೆಗೆ 10 ಕಿಲೋಮೀಟರಿನ ಗಾಳಿಗೆ ತಲೆದೂಗುವ ಕಬ್ಬು, 30 ಕಿಲೋಮೀಟರಿನ ಗಾಳಿಯಲ್ಲಿ ಒಂಬತ್ತು ಪಾಲು ಒತ್ತುವಿಕೆಯನ್ನು ತಾಳಬೇಕು. ಆಷಾಢದ ಬಿರುಸಿಗೆ ಎತ್ತರದ ಕಬ್ಬು ನೆಲಕ್ಕೆ ಮಲಗುವುದರ ಮರ್ಮವಿದು. ಗಾಳಿ ಹೆಚ್ಚಿದಾಗ ಹಾಯಿಹಲಗೆಯವರು ದೊಡ್ಡ ಹಾಯಿಯನ್ನು ಇಳಿಸಿ ಚಿಕ್ಕದನ್ನು ಕಟ್ಟುವುದೂ ಇದಕ್ಕಾಗಿಯೇ. ಈ ಬಲವನ್ನು ಪಳಗಿಸಿಕೊಂಡ ಫ್ರಾನ್ಸಿನ ಆಂತ್ವಾನ್ ಆಲ್ಬೊ ಎಂಬ ಸಾಹಸಿಯು 2015ರಲ್ಲಿ ನಮೀಬಿಯದ ಲ್ಯೂಡೆರಿಟ್ಜ್ ಎಂಬಲ್ಲಿ 500 ಮೀಟರುಗಳ ದೂರವನ್ನು ಗಂಟೆಗೆ ಸುಮಾರು 98 ಕಿಲೋಮೀಟರು ವೇಗದಲ್ಲಿ ದಾಟಿದನು.

ಶಾಂತವಾದ ದಡದ ಮೋಸ

ಲ್ಯೂಕಾತಿನ ತ್ರಾಮೊಂತಾನ್ ನೆಲದಿಂದ ಕಡಲಿನ ಕಡೆಗೆ ಬೀಸುವ ಗಾಳಿ. ಅದು ದಡದಿಂದ ಆಗತಾನೇ ನೀರಿಗೆ ಇಳಿದಿರುವುದರಿಂದ ತಡಿಯಲ್ಲಿ ಅಲೆಯೇಳುವುದಿಲ್ಲ. ಅನುಭವವಿಲ್ಲದವನು ಆ ನೀರನ್ನು ನೋಡಿ ಭಯವಿಲ್ಲವೆಂದು ಹೊರಡುತ್ತಾನೆ. ದೂರ ಹೋದಂತೆಲ್ಲ ಗಾಳಿಯೂ ಅಲೆಯೂ ಹೆಚ್ಚುತ್ತವೆ; ಹಾಯಿ ಬಿದ್ದರೆ ಗಾಳಿ ಅವನನ್ನು ನಡುಗಡಲಿಗೇ ಒಯ್ಯುತ್ತದೆ. ಅಂಥ ಗಾಳಿಯಲ್ಲಿ ಒಂಟಿಯಾಗಿ ಇಳಿಯಬಾರದು, ಏನೇ ಆದರೂ ತೇಲುವ ಹಲಗೆಯನ್ನು ಬಿಟ್ಟು ಈಜಲು ಹೊರಡಬಾರದು ಎಂಬುದು ಈ ಆಟದ ಮೊದಲ ಪಾಠ.

ಈ ಪಾಠ ನಮಗೂ ಬೇಕು. ಆಷಾಢದಲ್ಲಿ ನಮ್ಮ ಸೀಮೆಯಲ್ಲಿ ಗಾಳಿ ಬಹುತೇಕ ಪಡುವಣ, ನೈಋತ್ಯ ದಿಕ್ಕುಗಳಿಂದ ಬೀಸುತ್ತದೆ. ಆ ದಿನಗಳಲ್ಲಿ ಯಾವುದಾದರೂ ದೊಡ್ಡ ಕೆರೆಯ ಎರಡು ದಡಗಳನ್ನೂ ನೋಡಿರಿ. ಪಡುವಣ ದಡದಲ್ಲಿ ನೀರು ಕನ್ನಡಿಯಂತಿದ್ದರೂ ಮೂಡಣ ದಡಕ್ಕೆ ಅಲೆಗಳು ಬಡಿಯುತ್ತಿರುತ್ತವೆ. ಗಾಳಿಯು ನೀರಿನ ಮೇಲೆ ಹೆಚ್ಚು ದೂರ ಹರಿದಷ್ಟೂ ಅಲೆ ಬೆಳೆಯುತ್ತದೆ. ಕನ್ನಂಬಾಡಿಯಂಥ ವಿಶಾಲವಾದ ಜಲಾಶಯದಲ್ಲಿ ಈ ವ್ಯತ್ಯಾಸ ಇನ್ನೂ ಹೆಚ್ಚು.

ಕಿರಿದಾದ ಹೊಳೆಗೆ ಒಪ್ಪುವ ಹರಿಗೋಲು ಇಂಥ ಅಗಲವಾದ ನೀರಿನಲ್ಲಿ ಗಾಳಿಗೆ ಸಿಕ್ಕರೆ, ಅಡಿಯಲ್ಲಿ ಈಜುರೆಕ್ಕೆಯಿಲ್ಲದ ಕಾರಣ ಪಕ್ಕಕ್ಕೆ ಜಾರುವುದನ್ನು ತಡೆಯಲಾರದು. ಹುಟ್ಟು ಹಾಕುವವನ ತೋಳಿನ ಬಲವೊಂದೇ ಅದಕ್ಕೆ ಆಧಾರ. ಆದುದರಿಂದ ನೀರಿಗೆ ಇಳಿಯುವ ಮುನ್ನ ಒಂದು ಹಿಡಿ ಒಣಹುಲ್ಲನ್ನು ಮೇಲಕ್ಕೆ ತೂರಿ ನೋಡಬೇಕು. ಅದು ನೀರಿನ ಕಡೆಗೆ ಹಾರಿದರೆ, ಹೋಗುವ ದಾರಿ ಸುಲಭ, ಮರಳುವ ದಾರಿ ಕಷ್ಟ ಎಂದು ತಿಳಿಯಬೇಕು. ಗಾಳಿ ತಗ್ಗುವ ತನಕ ಕಾಯುವುದು, ತೇಲುಗವಚವಿಲ್ಲದೆ ದೋಣಿ ಹತ್ತದಿರುವುದು, ಮಿತಿಮೀರಿ ಜನರನ್ನು ಕೂರಿಸದಿರುವುದು, ಇವು ಹೇಡಿತನದ ಲಕ್ಷಣಗಳಲ್ಲ. ಗಾಳಿಯ ಗುಣವನ್ನು ಅರಿತವರ ನಡತೆ.