ದಿಂಬು ಎಷ್ಟು, ತೂಕ ಎಷ್ಟು?

1. ಬಸ್ಸಿಳಿದು ಓಡೋಡಿ ಬಂದವರ ತೋಳಿಗೆ ಪಟ್ಟಿ ಕಟ್ಟಿದರೆ ಸಿಗುವುದು ಓಟದ ಬೀಪಿ. ಐದು ನಿಮಿಷ ಕೂರಿಸಿ. ಬೆನ್ನಿಗೆ ಆಸರೆ, ಪಾದ ನೆಲದ ಮೇಲೆ, ತೋಳು ಎದೆಯ ಮಟ್ಟಕ್ಕೆ, ಮಾತು ಬೇಡ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೂ ಅಂಕಿ ಏರುತ್ತದೆ. ತೀರಾ ಹೆಚ್ಚಿದ್ದರೆ ಮಾತು ಬೇರೆ. ಇಲ್ಲವಾದರೆ ಬೇರೆ ಬೇರೆ ದಿನ ನೋಡಿ, ಕ್ಲಿನಿಕ್ಕಿನಲ್ಲಿ 140/90, ಮನೆಯಲ್ಲಿ 135/85 ದಾಟಿದಾಗಲೇ 'ಬೀಪಿ ಇದೆ' ಎಂದು ಚೀಟಿಯಲ್ಲಿ ಬರೆಯುತ್ತೇನೆ.

2. "ಬೀಪಿ ನಾರ್ಮಲ್ ಆಯ್ತಲ್ಲ ಡಾಕ್ಟ್ರೇ, ಮಾತ್ರೆ ನಿಲ್ಲಿಸಿಬಿಟ್ಟೆ." ಇಷ್ಟು ಸಲ ಕೇಳಿದ ಮಾತು ಇನ್ನೊಂದಿಲ್ಲ. ನಾರ್ಮಲ್ ಆಗಿದ್ದೇ ಮಾತ್ರೆಯಿಂದ. ಬಿಟ್ಟಾಗ ಒತ್ತಡ ಮತ್ತೆ ಏರುತ್ತದೆ, ಆದರೆ ಎಲ್ಲೂ ನೋಯುವುದಿಲ್ಲ. ವರ್ಷಗಟ್ಟಲೆ ಆ ಒತ್ತಡದ ಎದುರು ರಕ್ತ ನೂಕಿ ನೂಕಿ ಹೃದಯದ ಗೋಡೆ ದಪ್ಪಗಾಗುತ್ತದೆ, ಬಿರುಸಾಗುತ್ತದೆ. ಕೆಲವರಲ್ಲಿ ಕೊನೆಗೆ ಹಿಗ್ಗಿ ಸೋಲುತ್ತದೆ.

3. "ದಮ್ಮು ಬರುತ್ತಾ?" ಎಂದು ಕೇಳಿದರೆ "ಇಲ್ಲ" ಎನ್ನುತ್ತಾರೆ. ಮೆಟ್ಟಿಲು ಹತ್ತುವುದನ್ನೇ ಬಿಟ್ಟಿರುತ್ತಾರಲ್ಲ! ಅದಕ್ಕೇ ನಾನು ಕೇಳುವುದು: ಮಲಗುವಾಗ ಎಷ್ಟು ದಿಂಬು? ನಡುರಾತ್ರಿ ಎದ್ದು ಕೂರುತ್ತೀರಾ? ಸಂಜೆಗೆ ಚಪ್ಪಲಿ ಬಿಗಿಯಾಗುತ್ತದಾ? ಉತ್ತರ ಹೆಚ್ಚಾಗಿ ಪಕ್ಕದಲ್ಲಿ ಕೂತ ಹೆಂಡತಿಯಿಂದ ಬರುತ್ತದೆ. (ಕಾಲಿನ ಬಾವು ಬರೀ ಬೀಪಿಯ ಆಮ್ಲೋಡಿಪಿನ್ ಮಾತ್ರೆಯಿಂದಲೂ ಬರಬಹುದು, ಗಾಬರಿ ಬೇಡ.) ಹೃದಯದ ಎಕೋ ಪರೀಕ್ಷೆಯಲ್ಲಿ ಪಂಪಿಂಗ್ 60% ಇದ್ದ ಮಾತ್ರಕ್ಕೆ ಹೃದಯ ವೈಫಲ್ಯ ಇಲ್ಲವೆಂದಲ್ಲ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಹಿಂಡುವ ಶಕ್ತಿ ಸರಿಯೇ ಇರುತ್ತದೆ. ಬಿರುಸಾದ ಹೃದಯ ಸರಿಯಾಗಿ ತುಂಬಿಕೊಳ್ಳುವುದಿಲ್ಲ. ಇವರಲ್ಲಿ ಬಹುಪಾಲು ಹಳೆಯ ಬೀಪಿಯವರು.

4. ಹೃದಯ ಸೋತವರ ಮನೆಗೊಂದು ತೂಕದ ಯಂತ್ರ ತರಿಸಿ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು ತೂಕ ನೋಡಿ ಕ್ಯಾಲೆಂಡರಿನಲ್ಲೇ ಬರೆಯಲಿ. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಆಗಲೇ ಫೋನ್ ಮಾಡಿದವರಿಗೆ ನೀರಿಳಿಸುವ ಮಾತ್ರೆ ಸ್ವಲ್ಪ ಹೆಚ್ಚಿಸಿದರೆ ಎಷ್ಟೋ ಸಲ ಸಾಕು. ದಮ್ಮು ಕಟ್ಟುವವರೆಗೆ ಕಾದವರು ಐಸಿಯುಗೆ ಬರುತ್ತಾರೆ.

5. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ, ಹೆಚ್ಚೆಂದರೆ ಒಂದು ಟೀ ಚಮಚ. ಸಾರಿಗೆ ಉಪ್ಪು ಕಮ್ಮಿ ಮಾಡಿದ ಮನೆಯಲ್ಲೇ ಊಟಕ್ಕೆ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ! ಸೈಂಧವ ಲವಣವಾದರೂ, ಹುರಿದ ಉಪ್ಪಾದರೂ ಸೋಡಿಯಂ ಸೋಡಿಯಮ್ಮೇ. 'ಲೋ ಸೋಡಿಯಂ' ಉಪ್ಪಿನಲ್ಲಿ ಪೊಟ್ಯಾಶಿಯಂ ಇರುತ್ತದೆ; ಕಿಡ್ನಿ ಸೋತವರಿಗೆ, ಸ್ಪೈರೋನೊಲ್ಯಾಕ್ಟೋನ್ ಮಾತ್ರೆ ನುಂಗುವವರಿಗೆ ಅದು ಅಪಾಯ. ದಿನಾ ಎಳನೀರು ಕುಡಿಯುವ ಮುಂಚೆಯೂ ಇವರು ಕೇಳಲೇಬೇಕು.

6. ಮಂಡಿನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಬೀಪಿ ಏರಿಸುತ್ತದೆ, ಮೈಯಲ್ಲಿ ನೀರು ನಿಲ್ಲಿಸುತ್ತದೆ.

7. ಸೋತ ಹೃದಯಕ್ಕೆ ಔಷಧಿ ಇಲ್ಲವೆಂಬ ಕಾಲ ಹೋಯಿತು. 1987ರಲ್ಲಿ ಎನಾಲಾಪ್ರಿಲ್, 1999ರಲ್ಲಿ ಸ್ಪೈರೋನೊಲ್ಯಾಕ್ಟೋನ್, 2019ರಲ್ಲಿ ಡಪಾಗ್ಲಿಫ್ಲೋಜಿನ್: ಪಂಪಿಂಗ್ ಕುಗ್ಗಿದವರ ಆಯುಸ್ಸು ಇವುಗಳಿಂದ ಹೆಚ್ಚುತ್ತದೆ ಎಂದು ದೊಡ್ಡ ಪ್ರಯೋಗಗಳು ತೋರಿಸಿವೆ. ಕೊನೆಯದು ಮೂಲತಃ ಸಕ್ಕರೆ ಕಾಯಿಲೆಯದು. ಮಗ ಮೊಬೈಲಿನಲ್ಲಿ ಹುಡುಕಿ, "ಅಪ್ಪನಿಗೆ ಶುಗರ್ ಇಲ್ಲವಲ್ಲ" ಎಂದು ನಿಲ್ಲಿಸಿಬಿಡುತ್ತಾನೆ. ಸಕ್ಕರೆ ಇಲ್ಲದ ಹೃದ್ರೋಗಿಗೂ ಅದು ಕೆಲಸ ಮಾಡುತ್ತದೆ. ಅನುಮಾನ ಬಂದರೆ ನಿಲ್ಲಿಸುವ ಮುಂಚೆ ಕೇಳಿ. ಮುಂದಿನ ಸಲ ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ, ಬಿಟ್ಟದ್ದನ್ನೂ ಸೇರಿಸಿ, ಒಂದು ಚೀಲಕ್ಕೆ ಹಾಕಿಕೊಂಡು ಬನ್ನಿ. ಬೈಯುವುದಿಲ್ಲ.